ಅಂಗಳ, ಗಾಳಿಗಂಡಿ, ಜಾಲಂಧ್ರ: ಅರಬ್ ಗೃಹವಾಸ್ತು ಪರಂಪರೆ ಮತ್ತು ಆಧುನಿಕ ಸುಸ್ಥಿರ ವಸತಿ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರಬ್ ದೇಶಗಳ ವಸತಿ ನಿರ್ಮಾಣದಲ್ಲಿ ಪರಸ್ಪರ ವಿರುದ್ಧವಾದ ಎರಡು ಪ್ರವೃತ್ತಿಗಳು ಒಟ್ಟಿಗೇ ಬೆಳೆದವು. ತೈಲ ಸಂಪತ್ತು ಮತ್ತು ವಿದ್ಯುತ್ತಿನ ಬಲದಿಂದ ಕಾಂಕ್ರೀಟು, ಗಾಜು ಹಾಗೂ ಹವಾನಿಯಂತ್ರಣವನ್ನು ಅವಲಂಬಿಸಿದ ಮನೆಗಳು ಸಾರ್ವತ್ರಿಕವಾದದ್ದು ಒಂದು. ಮರುಭೂಮಿಯ ಬಿಸಿಲಿನಲ್ಲಿ ಶತಮಾನಗಳ ಕಾಲ ಯಂತ್ರದ ನೆರವಿಲ್ಲದೆ ಬಾಳಿದ ಹಳೆಯ ಮನೆಗಳ ವಿವೇಕವನ್ನು ಹೊಸ ಕಾಲಕ್ಕೆ ಒಗ್ಗಿಸಿಕೊಳ್ಳುವ ಪ್ರಯತ್ನ ಇನ್ನೊಂದು. ಎರಡನೆಯ ಪ್ರವೃತ್ತಿಯನ್ನು ಕುರಿತ ಬರಹಗಳಲ್ಲಿ ಅಂಗಳ, ಕಮಾನು, ಗುಮ್ಮಟ, ಜಾಲಂಧ್ರಗಳ ವರ್ಣನೆ ಹೇರಳವಾಗಿದೆ. ಆದರೆ ಈ ಅಂಗಗಳು ಯಾವ ಸಾಮಾಜಿಕ ಕಟ್ಟುಪಾಡು ಮತ್ತು ಯಾವ ಕಸುಬಿನ ಆಸರೆಯಲ್ಲಿ ಕೆಲಸ ಮಾಡುತ್ತಿದ್ದವು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಹಳೆಯ ಮನೆಯ ತಂಪು ಅದರ ಆಕಾರದ ಫಲ ಮಾತ್ರವಲ್ಲ. ಹವಾಮಾನ, ನೆರೆಹೊರೆಯ ನಿಯಮ ಮತ್ತು ಗಾರೆಯವನ ಕೈಚಳಕ ಈ ಮೂರರ ಹೊಂದಾಣಿಕೆಯ ಫಲ ಎಂಬುದನ್ನು ಕೆಲವು ಐತಿಹಾಸಿಕ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ವ್ಯಾಪ್ತಿ

'ಅರಬ್ ವಾಸ್ತು' ಎಂಬ ಹೆಸರನ್ನು ಜನಾಂಗವಾಚಕವಾಗಿ ಗ್ರಹಿಸುವುದು ಸಾಧುವಲ್ಲ. ಈಜಿಪ್ಟಿನ ಮಣ್ಣಿನ ಕಮಾನುಛಾವಣಿಯನ್ನು ಉಳಿಸಿಕೊಂಡು ಬಂದವರು ನ್ಯೂಬಿಯಾದ ಜನ. ಕೊಲ್ಲಿ ಪ್ರದೇಶದ ಗಾಳಿಗೋಪುರ ಇರಾನಿನ ದಕ್ಷಿಣ ತೀರದಿಂದ ಬಂದ ವರ್ತಕರೊಡನೆ ದುಬೈಯನ್ನು ಸೇರಿತು. ಅಲ್ಜೀರಿಯಾದ ಮ್ಜಾಬ್ ಕಣಿವೆಯ ಊರುಗಳನ್ನು ಕಟ್ಟಿದವರು ಅಮಾಜಿಗ್ ಮೂಲದ ಇಬಾದಿ ಪಂಥೀಯರು. ಜೆದ್ದಾದ ಹಳೆಯ ಮನೆಗಳ ಮುಂಭಾಗವನ್ನು ತುಂಬಿರುವ 'ರೋಷನ್' ಎಂಬ ಮರದ ಚಾಚುಕಿಟಕಿಗಳಿಗೆ ಬೇಕಾದ ಸಾಗುವಾನಿ ಭಾರತ ಮತ್ತು ಆಗ್ನೇಯ ಏಷ್ಯಾಗಳಿಂದ ಹಡಗಿನಲ್ಲಿ ಬರುತ್ತಿತ್ತು. ಮರ ವಿರಳವಾದ ಅರೇಬಿಯಾಕ್ಕೆ ಭಾರತದ ಪಶ್ಚಿಮ ಕರಾವಳಿಯ ಕಾಡುಗಳೊಡನೆ ಇದ್ದ ನಂಟು ಬಹು ಹಳೆಯದು. ಕೆನರಾ ಮತ್ತು ಮಲಬಾರಿನ ಸಾಗುವಾನಿ ಅರಬರ ಹಡಗು ಕಟ್ಟುವ ಕಸುಬಿಗೂ ಆಧಾರವಾಗಿತ್ತು. ಹೀಗಾಗಿ ಇಲ್ಲಿ 'ಅರಬ್' ಎಂಬುದು ಒಂದು ಭಾಷೆ, ಒಂದು ವ್ಯಾಪಾರವಲಯ ಮತ್ತು ಒಂದು ನ್ಯಾಯಪದ್ಧತಿ ಹಬ್ಬಿದ ಭೂಭಾಗವನ್ನು ಸೂಚಿಸುವ ಅನುಕೂಲದ ಪದ. ಅನ್ಯರಿಂದ ಪಡೆದದ್ದನ್ನು ತನ್ನ ನೆಲಕ್ಕೆ ಒಗ್ಗಿಸಿಕೊಳ್ಳುವುದೇ ಈ ಪರಂಪರೆಯ ಸ್ವಭಾವವಾಗಿತ್ತೆಂಬುದು ಮುಂದಿನ ಚರ್ಚೆಗೆ ಮುಖ್ಯವಾದ ಅಂಶ.

ಮನೆಯ ಅಂಗಗಳು ಮತ್ತು ಅವುಗಳ ಕಾರ್ಯ

ಕೈರೋ, ಡಮಾಸ್ಕಸ್, ಬಾಗ್ದಾದ್ ನಗರಗಳ ಹಳೆಯ ಮನೆ ಬೀದಿಗೆ ಬೆನ್ನುಮಾಡಿ ಅಂಗಳಕ್ಕೆ ಮುಖಮಾಡಿರುತ್ತದೆ. ರಾತ್ರಿ ಆಕಾಶಕ್ಕೆ ತೆರೆದ ಅಂಗಳದ ನೆಲ ಮತ್ತು ಗೋಡೆಗಳು ಹಗಲು ಹೀರಿದ ಶಾಖವನ್ನು ಹೊರಬಿಡುತ್ತವೆ; ತಂಪಾದ ಭಾರವಾದ ಗಾಳಿ ಕೆಳಗಿಳಿದು ಅಂಗಳದಲ್ಲಿ ತಂಗಿ ಸುತ್ತಲ ಕೋಣೆಗಳಿಗೆ ಹರಡುತ್ತದೆ. ಬೆಳಗಿನ ಬಹುಭಾಗ ಎತ್ತರದ ಗೋಡೆಗಳ ನೆರಳು ಈ ತಂಪನ್ನು ಕಾಯುತ್ತದೆ. ಕರ್ನಾಟಕದ ತೊಟ್ಟಿಮನೆಯ ಅಂಗಳವನ್ನು ಬಲ್ಲವರಿಗೆ ಈ ರಚನೆ ಪರಿಚಿತವೆನಿಸಬಹುದು. ಆದರೆ ಕಾರ್ಯದಲ್ಲಿ ಇವೆರಡೂ ಬೇರೆ. ತೊಟ್ಟಿಮನೆಯ ಮಾಡು ಒಳಮುಖವಾಗಿ ಇಳಿದು ಮಳೆನೀರನ್ನು ತೊಟ್ಟಿಗೆ ಹರಿಸುತ್ತದೆ. ಮಳೆ ಅತ್ಯಲ್ಪವಾದ ಕೈರೋದ ಅಂಗಳ ತುಂಬಿಕೊಳ್ಳುವುದು ರಾತ್ರಿಯ ತಂಪನ್ನು. ಆಕಾರ ಒಂದೇ ಆದರೂ ಕಾರ್ಯ ಬೇರೆಯಾಗಬಹುದೆಂಬುದಕ್ಕೆ ಇದು ಸರಳ ಉದಾಹರಣೆ.

ಅಂಗಳದ ಗಾಳಿಯನ್ನು ಚಲನೆಗೆ ತರುವ ಉಪಾಯವೂ ಇತ್ತು. ಕೈರೋದ ಸುಹೈಮಿ ಮನೆಯ ಹಳೆಯ ಭಾಗ ೧೬೪೮ರದು; ೧೭೯೬ರಲ್ಲಿ ಅದು ವಿಸ್ತರಣೆಗೊಂಡಿತು. ಈ ಮನೆಯಲ್ಲಿ ಕಲ್ಲು ಹಾಸಿದ ಅಂಗಳಕ್ಕೂ ಹಿಂದಿನ ಗಿಡಮರಗಳ ತೋಟಕ್ಕೂ ನಡುವೆ 'ತಖ್ತಬೂಷ್' ಎಂಬ ಮಾಡಿನ ಪಡಸಾಲೆಯಿದೆ. ಕಲ್ಲಂಗಳ ಬೇಗ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ತೆರವನ್ನು ತುಂಬಲು ತೋಟದ ತಂಪುಗಾಳಿ ಪಡಸಾಲೆಯ ಮೂಲಕ ಹಾಯುತ್ತದೆ. ಹೊರಗೆ ಗಾಳಿಯಿಲ್ಲದ ದಿನವೂ ಅಲ್ಲಿ ಕುಳಿತವರಿಗೆ ಮಂದಮಾರುತದ ಅನುಭವವಾಗುತ್ತದೆ.

ದಟ್ಟವಾದ ನಗರದಲ್ಲಿ ಬೀದಿಮಟ್ಟದ ಗಾಳಿ ದುರ್ಬಲವೂ ಧೂಳಿನದೂ ಆಗಿರುತ್ತದೆ. ಈ ಕಾರಣದಿಂದ ಛಾವಣಿಯ ಮೇಲೆ ಉತ್ತರದ ಗಾಳಿಗೆ ಬಾಯ್ದೆರೆದ 'ಮಲ್ಕಫ್' ಎಂಬ ಗಾಳಿಗಂಡಿಯನ್ನು ಕಟ್ಟುತ್ತಿದ್ದರು. ಕ್ರಿ.ಶ. ೧೩೫೦ರ ಸುಮಾರಿಗೆ ಕೈರೋದಲ್ಲಿ ನಿರ್ಮಾಣವಾದ ಮುಹಿಬ್ ಅದ್ದೀನ್ ಅವರ ಸಭಾಂಗಣ ಇದರ ಪ್ರೌಢ ಮಾದರಿ. ಗಾಳಿಗಂಡಿಯಿಂದ ಇಳಿದ ತಂಪುಗಾಳಿ ಉತ್ತರದ ಮೊಗಸಾಲೆಯನ್ನು ಸೇರಿ, ನಡುವಿನ ಬಹು ಎತ್ತರದ ಹಜಾರಕ್ಕೆ ಹರಿದು, ಕಾದ ಮೇಲೆ ಅಲ್ಲಿನ ಮೇಲ್ಗವಾಕ್ಷಗಳಿಂದ ಹೊರಹೋಗುತ್ತದೆ. ಒಳಬರುವ ದಾರಿ, ತಂಗುವ ತಾಣ, ಹೊರಹೋಗುವ ದಾರಿ ಈ ಮೂರನ್ನೂ ಒಂದೇ ರಚನೆಯಲ್ಲಿ ಕೂಡಿಸಿರುವುದು ಇದರ ವೈಶಿಷ್ಟ್ಯ.

'ಮಶ್ರಬಿಯ್ಯಾ' ಎಂಬ ಮರದ ಜಾಲಂಧ್ರದ ಹೆಸರನ್ನು ಸಾಮಾನ್ಯವಾಗಿ 'ಕುಡಿಯುವುದು' ಎಂಬರ್ಥದ ಅರಬ್ಬೀ ಧಾತುವಿನಿಂದ ವ್ಯುತ್ಪಾದಿಸುತ್ತಾರೆ. ನೀರಿನ ಮಣ್ಣಿನ ಹೂಜಿಗಳನ್ನು ಗಾಳಿಗೆ ಒಡ್ಡಿ ತಂಪಾಗಿಸುತ್ತಿದ್ದ ಚಾಚುಗೂಡು ಅದು. ಕಡೆದ ಮರದ ಚಿಕ್ಕ ಗುಬ್ಬಿಗಳನ್ನು ಜೋಡಿಸಿದ ಈ ಜಾಲ ಬೆಳಕಿನ ಝಳವನ್ನು ಮುರಿಯುತ್ತದೆ, ಗಾಳಿಯನ್ನು ಬಿಟ್ಟುಕೊಳ್ಳುತ್ತದೆ, ಒಳಗಿನವರಿಗೆ ಬೀದಿಯನ್ನು ತೋರಿಸಿ ಬೀದಿಯವರಿಂದ ಒಳಗನ್ನು ಮರೆಮಾಡುತ್ತದೆ. ಕಣ್ಣಿನ ಮಟ್ಟದಲ್ಲಿ ಜಾಲ ಒತ್ತಾಗಿಯೂ ಮೇಲ್ಭಾಗದಲ್ಲಿ ವಿರಳವಾಗಿಯೂ ಇರುವುದಕ್ಕೆ ಇದೇ ಕಾರಣ. ಅಲಂಕಾರವೆಂದು ತೋರುವುದರ ಪ್ರತಿ ಅಳತೆಯ ಹಿಂದೆಯೂ ಒಂದು ಪ್ರಯೋಜನವಿತ್ತು.

ಇಷ್ಟಾದರೂ ಮನೆಯೊಂದೇ ಎಲ್ಲವನ್ನೂ ಮಾಡುತ್ತಿರಲಿಲ್ಲ. ಬಾಗ್ದಾದಿನ ಕುಟುಂಬ ಬೇಸಗೆಯ ಮಧ್ಯಾಹ್ನವನ್ನು 'ಸರ್ದಾಬ್' ಎಂಬ ನೆಲಮಾಳಿಗೆಯಲ್ಲಿ, ರಾತ್ರಿಯನ್ನು ಮಾಳಿಗೆಯ ಮೇಲೆ ಕಳೆಯುತ್ತಿತ್ತು. ಡಮಾಸ್ಕಸ್ಸಿನಲ್ಲಿ ಬೇಸಗೆಗೆ ಉತ್ತರಕ್ಕೆ ತೆರೆದ ಮೊಗಸಾಲೆ, ಚಳಿಗಾಲಕ್ಕೆ ದಕ್ಷಿಣದ ಬಿಸಿಲು ಬೀಳುವ ಕೋಣೆ ಬಳಕೆಯಲ್ಲಿದ್ದವು. ಮನೆಯೊಳಗೇ ಋತುವಿಗೆ ತಕ್ಕಂತೆ ಬಿಡಾರ ಬದಲಿಸುವ ಈ ರೂಢಿಯೂ ವಾಸ್ತುವಿನ ಭಾಗವೇ ಆಗಿತ್ತು.

ನಿಯಮ ಕಟ್ಟಿದ ನೆರಳು

ಹಳೆಯ ಅರಬ್ ನಗರಗಳ ಇಕ್ಕಟ್ಟಾದ ಬೀದಿಗಳನ್ನು ಯೋಜನೆಯಿಲ್ಲದ ಬೆಳವಣಿಗೆಯೆಂದು ವರ್ಣಿಸುವ ವಾಡಿಕೆ ಬಹುಕಾಲ ನಡೆಯಿತು. ನ್ಯಾಯಗ್ರಂಥಗಳ ಅಧ್ಯಯನ ಈ ತಿಳಿವಳಿಕೆಯನ್ನು ತಿದ್ದಿದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಟ್ಯೂನಿಸ್ ನಗರದಲ್ಲಿ ಗಾರೆಕೆಲಸದ ಮೇಸ್ತ್ರಿಯಾಗಿದ್ದು, ಖಾಜಿಗಳಿಗೆ ಕಟ್ಟಡ ವಿವಾದಗಳಲ್ಲಿ ಸಲಹೆ ನೀಡುತ್ತಿದ್ದ ಇಬ್ನ್ ಅಲ್ ರಾಮಿ ರಚಿಸಿದ ಗ್ರಂಥ ಈ ವಿಷಯದಲ್ಲಿ ಮಹತ್ವದ ಆಕರ. ನೆರೆಯವನಿಗೆ ಹಾನಿಯಾಗಕೂಡದು ಎಂಬ ಮೂಲತತ್ತ್ವದಿಂದ ಕಿಟಕಿ ಎಲ್ಲಿರಬೇಕು, ಬಾಗಿಲು ಎದುರುಮನೆಯ ಬಾಗಿಲಿಗೆ ನೇರವಾಗಿರಬಹುದೇ, ಹೊಗೆ ಹಾಗೂ ಬಚ್ಚಲುನೀರಿನ ವ್ಯವಸ್ಥೆ ಹೇಗೆ ಎಂಬ ನಿರ್ಣಯಗಳು ಹುಟ್ಟಿದವು. ಸಾರ್ವಜನಿಕ ಬೀದಿಗೆ ಏಳು ಮೊಳದ ಅಗಲವಿರಬೇಕೆಂಬ ಮಾತಿಗೆ ಪ್ರವಾದಿಯವರ ಹದೀಸಿನ ಆಧಾರವಿತ್ತು. ಹೇರು ಹೊತ್ತ ಎರಡು ಒಂಟೆಗಳು ಎದುರುಬದುರಾಗಿ ಸಾಗಲು ಅಷ್ಟು ಸಾಕಾಗಿತ್ತು. ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡಿದ್ದರಿಂದ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಯಿತು; ಬೀದಿ ಕಿರಿದಾಗಿದ್ದರಿಂದ ದಿನದ ಹೆಚ್ಚು ಹೊತ್ತು ನೆರಳು ಉಳಿಯಿತು. ತಂಪು ಈ ನಿಯಮಗಳ ಘೋಷಿತ ಉದ್ದೇಶವಾಗಿರಲಿಲ್ಲ. ಆದರೆ ಗೌಪ್ಯವನ್ನು ಕಾಯಲು ರೂಪುಗೊಂಡ ಕಟ್ಟುಪಾಡು ಹವಾಮಾನಕ್ಕೂ ಹೊಂದಿಕೊಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಮೊದಲು ಕಳಚಿದ ಕೊಂಡಿ ಇದೇ. ಸೌದಿ ಅರೇಬಿಯಾದ ಪೂರ್ವಪ್ರಾಂತ್ಯದಲ್ಲಿ ತೈಲ ಕಂಪನಿಯ ನೆರಳಿನಲ್ಲಿ ಬೆಳೆದ ದಮ್ಮಾಮ್ ಮತ್ತು ಅಲ್ ಖೋಬರ್ ಊರುಗಳು ಚೌಕುಳಿ ವಿನ್ಯಾಸವನ್ನು ಪಡೆದವು. ೧೯೫೦ರ ದಶಕದ ನೌಕರರ ಗೃಹಸಾಲ ಯೋಜನೆ ನಿವೇಶನದ ನಡುವೆ ನಿಲ್ಲುವ ಬಿಡಿಮನೆಯನ್ನು, ಅಂದರೆ 'ವಿಲ್ಲಾ'ವನ್ನು, ಜನಪ್ರಿಯಗೊಳಿಸಿತು. ಬಳಿಕ ಬಂದ ಪುರಸಭಾ ನಿಯಮಗಳು ಮನೆಯ ನಾಲ್ಕೂ ಕಡೆ ತೆರವು ಬಿಡುವುದನ್ನು ಕಡ್ಡಾಯಗೊಳಿಸಿದವು. ಇದರಿಂದ ಗೋಡೆ ಹಂಚಿಕೊಂಡ ಅಂಗಳದ ಮನೆ ಬರಿಯ ಹಳೆಯ ಮಾದರಿಯಾಗಿ ಉಳಿಯಲಿಲ್ಲ. ಅನುಮತಿಗೆ ಅನರ್ಹವಾದ ಮಾದರಿಯಾಯಿತು. ಸಾಲಿಹ್ ಅಲ್ ಹಥ್‌ಲೂಲ್ ೧೯೮೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಲ್ಲಿಸಿದ ಪ್ರಬಂಧ ಈ ಪಲ್ಲಟವನ್ನು ನ್ಯಾಯದ ಇತಿಹಾಸದ ದೃಷ್ಟಿಯಿಂದ ವಿಶ್ಲೇಷಿಸಿತು. ಬಿಡಿಮನೆಯ ಕಿಟಕಿಗಳು ಪಕ್ಕದ ಮನೆಯನ್ನು ಇಣುಕುವಂತಾದಾಗ ನಿವಾಸಿಗಳು ಆವರಣದ ಗೋಡೆಯ ಮೇಲೆ ತಗಡು ಮೊದಲಾದ ಹಾಳೆಗಳನ್ನು ನಿಲ್ಲಿಸಿ ಮರೆಮಾಡಿಕೊಂಡರು, ಕಿಟಕಿಗಳನ್ನು ಮುಚ್ಚಿದರು. ಮುಚ್ಚಿದ ಕಿಟಕಿಯ ಹಿಂದೆ ಹವಾನಿಯಂತ್ರಕ ಅನಿವಾರ್ಯವಾಯಿತು. ಕೊಲ್ಲಿ ದೇಶಗಳ ಮನೆಗಳಲ್ಲಿ ಬೇಸಗೆಯ ವಿದ್ಯುತ್ತಿನ ಬಹುಪಾಲು ತಂಪುಮಾಡುವುದಕ್ಕೇ ವ್ಯಯವಾಗುವ ಸ್ಥಿತಿಗೆ ಯಂತ್ರದ ಆಕರ್ಷಣೆಯಷ್ಟೇ ಕಟ್ಟಡ ನಿಯಮವೂ ಕಾರಣ.

ಹಸನ್ ಫತ್ಹಿ ಮತ್ತು ಹೊಸ ಗುರ್ನಾ

ಪರಂಪರೆಯನ್ನು ಬಡವರ ವಸತಿಗೆ ಅನ್ವಯಿಸಿದ ಮೊದಲ ಮಹತ್ವದ ಪ್ರಯೋಗ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ (೧೯೦೦–೧೯೮೯) ಅವರದು. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ, ೧೯೨೬ರಲ್ಲಿ ಕೈರೋದಲ್ಲಿ ಪದವಿ ಪಡೆದ ಅವರು ೧೯೩೦ರ ದಶಕದ ಕೊನೆಯಲ್ಲಿ ಹಸಿ ಇಟ್ಟಿಗೆಯತ್ತ ಹೊರಳಿದರು. ಗೋಡೆಗೆ ಮಣ್ಣು ಊರಲ್ಲೇ ಸಿಗುತ್ತಿತ್ತು, ತೊಡಕಾಗಿದ್ದು ಛಾವಣಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಮರ, ಉಕ್ಕು ಎರಡೂ ದುರ್ಲಭವಾಗಿದ್ದವು. ಮಣ್ಣಿನಿಂದಲೇ ಕಮಾನುಛಾವಣಿ ಹಾಕಿಸುವ ಅವರ ಆರಂಭದ ಪ್ರಯತ್ನಗಳು ಕುಸಿದುಬಿದ್ದವು. ೧೯೪೧ರಲ್ಲಿ ಅವರು ಅಸ್ವಾನಿನ ಬಳಿಯ ನ್ಯೂಬಿಯನ್ ಹಳ್ಳಿ ಘರ್ಬ್ ಅಸ್ವಾನಿಗೆ ಹೋದಾಗ, ತಾವು ಹುಡುಕುತ್ತಿದ್ದ ವಿದ್ಯೆ ಅಲ್ಲಿ ಜೀವಂತವಾಗಿರುವುದನ್ನು ಕಂಡರು.

ನ್ಯೂಬಿಯಾದ ಗಾರೆಯವರು ಮರದ ಆಧಾರಕಟ್ಟು ಇಲ್ಲದೆಯೇ ಕಮಾನು ಕಟ್ಟುತ್ತಿದ್ದರು. ಕೋಣೆಯ ಕೊನೆಯ ಗೋಡೆಯನ್ನು ಎತ್ತರಿಸಿ, ಅದರ ಮೇಲೆ ಹಸಿಮಣ್ಣಿನಿಂದ ಕಮಾನಿನ ರೇಖೆಯನ್ನು ಕಣ್ಣಳತೆಯಲ್ಲೇ ಮೂಡಿಸುತ್ತಿದ್ದರು. ಹುಲ್ಲು ಹೆಚ್ಚಾಗಿ ಬೆರೆಸಿದ ಹಗುರವಾದ ತೆಳು ಇಟ್ಟಿಗೆಗಳ ಮೇಲೆ ಬೆರಳಿನಿಂದ ಗೀರು ಎಳೆದಿರುತ್ತಿದ್ದುದರಿಂದ ಅವು ಮಣ್ಣಿನ ಗಾರೆಗೆ ಕಚ್ಚಿಕೊಳ್ಳುತ್ತಿದ್ದವು. ಪ್ರತಿಯೊಂದು ವರಸೆಯೂ ಹಿಂದಿನ ವರಸೆಗೆ ಒರಗುತ್ತಾ ಸಾಗುವುದರಿಂದ ಕೆಳಗಿನಿಂದ ಆಸರೆ ಬೇಕಾಗುತ್ತಿರಲಿಲ್ಲ. ಇಬ್ಬರು ಗಾರೆಯವರು ಒಂದೂವರೆ ದಿನದಲ್ಲಿ ಒಂದು ಕೋಣೆಗೆ ಛಾವಣಿ ಹಾಕಬಲ್ಲವರಾಗಿದ್ದರು. ಇದೇ ವಿಧಾನದ ಹಸಿ ಇಟ್ಟಿಗೆಯ ಕಣಜಗಳು ಲಕ್ಸರಿನ ರಾಮೆಸಿಯಂ ದೇವಾಲಯದ ಹಿಂದೆ ಮೂರು ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತಿವೆ.

೧೯೪೫ರಲ್ಲಿ ಈಜಿಪ್ಟಿನ ಪುರಾತತ್ತ್ವ ಇಲಾಖೆ ಫತ್ಹಿಯವರಿಗೆ ಹೊಸ ಗುರ್ನಾ ಗ್ರಾಮದ ಹೊಣೆಯನ್ನು ವಹಿಸಿತು. ಥೀಬ್ಸಿನ ಪ್ರಾಚೀನ ಸಮಾಧಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಗುರ್ನಾದ ಸುಮಾರು ೭,೦೦೦ ಜನರಲ್ಲಿ ಅನೇಕರ ಜೀವನ ಆ ಸಮಾಧಿಗಳನ್ನೂ ಪ್ರವಾಸಿಗರನ್ನೂ ಅವಲಂಬಿಸಿತ್ತು. ಸಮಾಧಿಯೊಂದರಿಂದ ಶಿಲಾಶಿಲ್ಪ ಕಳುವಾದ ಪ್ರಕರಣದ ನಂತರ ಇಡೀ ಊರನ್ನು ನೈಲ್ ಬಯಲಿಗೆ ಸ್ಥಳಾಂತರಿಸುವ ನಿರ್ಧಾರವಾಯಿತು. ಫತ್ಹಿ ೫೦ ಎಕರೆ ನೆಲದಲ್ಲಿ ಮಸೀದಿ, ಮಾರುಕಟ್ಟೆ, ಶಾಲೆಗಳು, ರಂಗಮಂದಿರ ಸಹಿತವಾದ ಗ್ರಾಮವನ್ನು ಯೋಜಿಸಿದರು. ರಕ್ತಸಂಬಂಧಿಗಳ ಗುಂಪು ಒಂದೇ ಚೌಕದ ಸುತ್ತ ನೆಲೆಸುವಂತೆ, ಪ್ರತಿ ಮನೆಯೂ ಕುಟುಂಬಕ್ಕೆ ತಕ್ಕಂತೆ ಭಿನ್ನವಾಗಿರುವಂತೆ ವಿನ್ಯಾಸ ಸಿದ್ಧವಾಯಿತು. ಅಸ್ವಾನಿನ ಗಾರೆಯವರು ಬಂದು ಸ್ಥಳೀಯರಿಗೆ ಕಸುಬು ಕಲಿಸಿದರು.

ಆದರೆ ೧೯೪೮ರ ವೇಳೆಗೆ ಕೆಲಸ ನಿಂತಿತು. ಯೋಜಿತ ಗ್ರಾಮದ ಸುಮಾರು ಐದನೆಯ ಒಂದು ಭಾಗವಷ್ಟೇ ಪೂರ್ಣಗೊಂಡಿತ್ತು. ಗುರ್ನಾದ ಬಹುತೇಕ ಜನ ಅಲ್ಲಿಗೆ ಹೋಗಲು ನಿರಾಕರಿಸಿದರು. ೧೯೬೯ರಲ್ಲಿ ಕೈರೋದಲ್ಲಿ ಪ್ರಕಟವಾಗಿ, ೧೯೭೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ 'ಬಡವರಿಗಾಗಿ ವಾಸ್ತುಶಿಲ್ಪ' ಎಂಬರ್ಥದ ಶೀರ್ಷಿಕೆಯಲ್ಲಿ ಮರುಮುದ್ರಣಗೊಂಡ ತಮ್ಮ ಕೃತಿಯಲ್ಲಿ ಫತ್ಹಿ ಅಧಿಕಾರಿಗಳ ವಿಳಂಬ ಮತ್ತು ಗ್ರಾಮಸ್ಥರ ವಿರೋಧ ಎರಡನ್ನೂ ವಿವರಿಸಿದ್ದಾರೆ. ವಿಮರ್ಶಕರು ಇನ್ನೊಂದು ಕಾರಣವನ್ನೂ ಗುರುತಿಸಿದ್ದಾರೆ: ಮೇಲಿನ ಈಜಿಪ್ಟಿನ ಈ ಭಾಗದಲ್ಲಿ ಗುಮ್ಮಟವು ಸಂತರ ಗೋರಿಯ ಗುರುತು, ಮನೆಯದಲ್ಲ. ಅಸ್ವಾನಿನಲ್ಲಿ ಸಹಜವಾಗಿದ್ದ ರೂಪ ಇನ್ನೂರು ಕಿಲೋಮೀಟರಿನಷ್ಟು ಉತ್ತರದ ಗುರ್ನಾದಲ್ಲಿ ಪರಕೀಯವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ವಿನ್ಯಾಸದಲ್ಲಿ ಜನರ ಮಾತಿಗೆ ಎಡೆಯಿದ್ದರೂ ಸ್ಥಳಾಂತರದ ನಿರ್ಧಾರದಲ್ಲಿ ಇರಲಿಲ್ಲ.

ಮಣ್ಣಿನ ಮನೆಯ ಭೌತಿಕ ಗುಣ ಮಾತ್ರ ಮುಂದೆ ನಿಸ್ಸಂದೇಹವಾಗಿ ಸಾಬೀತಾಯಿತು. ೧೯೬೪ರ ಮಾರ್ಚ್ ತಿಂಗಳಲ್ಲಿ ಕೈರೋದ ಕಟ್ಟಡ ಸಂಶೋಧನ ಕೇಂದ್ರದ ಆವರಣದಲ್ಲಿ ಎರಡು ಮಾದರಿ ಮನೆಗಳ ತಾಪಮಾನವನ್ನು ಅಳೆಯಲಾಯಿತು. ೫೦ ಸೆಂಟಿಮೀಟರ್ ದಪ್ಪದ ಹಸಿ ಇಟ್ಟಿಗೆ ಗೋಡೆ ಮತ್ತು ಕಮಾನುಛಾವಣಿಯ ಮನೆಯೊಳಗೆ ದಿನವಿಡೀ ೨೧ರಿಂದ ೨೩ ಡಿಗ್ರಿ ಸೆಲ್ಸಿಯಸ್ ಇತ್ತು. ೧೦ ಸೆಂಟಿಮೀಟರ್ ದಪ್ಪದ ಸಿದ್ಧ ಕಾಂಕ್ರೀಟು ಹಲಗೆಗಳ ಮನೆಯೊಳಗೆ ಗರಿಷ್ಠ ತಾಪಮಾನ ೩೬ ಡಿಗ್ರಿಗೆ ಏರಿತು. ಅದು ಹೊರಗಿನ ಗಾಳಿಗಿಂತಲೂ ೯ ಡಿಗ್ರಿ ಹೆಚ್ಚು. ಅದೇ ಅವಧಿಯಲ್ಲಿ, ೧೯೬೩–೬೪ರಲ್ಲಿ, ಅಸ್ವಾನ್ ಎತ್ತರದ ಅಣೆಕಟ್ಟಿನ ಹಿನ್ನೀರಿಗೆ ಸಿಲುಕಲಿದ್ದ ನ್ಯೂಬಿಯಾದ ಹಳ್ಳಿಗರನ್ನು ಕೋಮ್ ಓಂಬೋ ಬಳಿಯ ಸರ್ಕಾರಿ ಸಾಲುಮನೆಗಳಿಗೆ ಸಾಗಿಸಲಾಯಿತು. ಒಂದು ವಿದ್ಯೆಗೆ ಪ್ರಯೋಗಾಲಯದ ಮನ್ನಣೆ ದೊರೆತ ಹೊತ್ತಿಗೇ ಆ ವಿದ್ಯೆಯ ತವರು ನೀರುಪಾಲಾದದ್ದು ಈ ಇತಿಹಾಸದ ವಿಷಾದಕರ ಸಂಗತಿ.

ಅಣೆಕಟ್ಟಿನ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಪ್ರವಾಹದ ಮೆಕ್ಕಲು ಬರುವುದು ನಿಂತ ಮೇಲೆ ಹೊಲದ ಮೇಲ್ಮಣ್ಣು ಮತ್ತೆ ತುಂಬದ ಸಂಪತ್ತಾಯಿತು. ಇಟ್ಟಿಗೆಗಾಗಿ ಅದನ್ನು ಕೆರೆಯುವುದನ್ನು ೧೯೮೦ರ ದಶಕದಲ್ಲಿ ಕಾನೂನು ನಿಷೇಧಿಸಿತು. ಅಂತರ್ಜಲದ ಮಟ್ಟ ಏರಿ ಹೊಸ ಗುರ್ನಾದ ಗೋಡೆಗಳ ಬುಡವನ್ನೂ ಲವಣ ತಿನ್ನತೊಡಗಿತು. ಅನೇಕ ಮನೆಗಳನ್ನು ನಿವಾಸಿಗಳು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿಕೊಂಡರು. ೨೦೧೦ರಲ್ಲಿ ವಿಶ್ವ ಸ್ಮಾರಕ ನಿಧಿ ಈ ಗ್ರಾಮವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಯುನೆಸ್ಕೋ ಕೂಡ ಸಂರಕ್ಷಣೆಗೆ ಮುಂದಾಯಿತು. ಬೆಟ್ಟದ ಮೇಲಿನ ಹಳೆಯ ಗುರ್ನಾವನ್ನು ಸರ್ಕಾರ ೨೦೦೬ರಿಂದ ತೆರವುಗೊಳಿಸಿ, ಜನರನ್ನು ಬೇರೊಂದು ಹೊಸ ಬಡಾವಣೆಗೆ ಕಳುಹಿಸಿತು.

ನಂತರದ ಪ್ರಯೋಗಗಳು

ಫತ್ಹಿಯವರ ಶಿಷ್ಯ ಅಬ್ದುಲ್ ವಾಹಿದ್ ಅಲ್ ವಕೀಲ್ ಅಲೆಕ್ಸಾಂಡ್ರಿಯಾ ಸಮೀಪದ ಅಗಮಿಯಲ್ಲಿ ೧೯೭೫ರಲ್ಲಿ ಪೂರ್ಣಗೊಳಿಸಿದ ಹಲಾವಾ ಮನೆ ಅಂಗಳ, ಗಾಳಿಗಂಡಿ, ಜಾಲಂಧ್ರಗಳನ್ನು ಒಂದುಗೂಡಿಸಿ, ೧೯೮೦ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. ಅದೇ ವರ್ಷ ಆ ಪ್ರಶಸ್ತಿಯ ಅಧ್ಯಕ್ಷೀಯ ಗೌರವ ಫತ್ಹಿಯವರಿಗೆ ಸಂದಿತು. ಆದರೆ ಹಲಾವಾ ಮನೆ ಕಡಲತೀರದ ವಿಹಾರಗೃಹ. ಬಡವರಿಗೆಂದು ಪುನರುಜ್ಜೀವನಗೊಂಡ ವಿದ್ಯೆ ಬಹುಮಟ್ಟಿಗೆ ಉಳ್ಳವರ ಅಭಿರುಚಿಯ ಆಸರೆಯಲ್ಲಿ ಉಳಿಯಿತೆಂಬ ಟೀಕೆಯನ್ನು ತಳ್ಳಿಹಾಕಲಾಗದು.

ಅಬುಧಾಬಿಯಲ್ಲಿ ೨೦೦೬ರಲ್ಲಿ ಘೋಷಿತವಾದ ಮಸ್ದಾರ್ ನಗರ ಇನ್ನೊಂದು ತುದಿಯ ನಿದರ್ಶನ. ಬ್ರಿಟನ್ನಿನ ಫಾಸ್ಟರ್ ಸಂಸ್ಥೆಯ ವಿನ್ಯಾಸದಲ್ಲಿ ಬೀದಿಗಳು ಕಿರಿದಾದವು, ಕಟ್ಟಡಗಳು ಒತ್ತೊತ್ತಾಗಿ ನಿಂತವು, ೪೫ ಮೀಟರ್ ಎತ್ತರದ ಗಾಳಿಗೋಪುರ ನಡುಚೌಕದಲ್ಲಿ ತಲೆಯೆತ್ತಿತು. ವಸತಿ ಕಟ್ಟಡಗಳ ಮುಂಭಾಗಕ್ಕೆ ಮರಳುಬಣ್ಣದ ಕಾಂಕ್ರೀಟಿನಲ್ಲಿ ಮಶ್ರಬಿಯ್ಯಾದ ಹೊಸ ರೂಪ ಬಂದಿತು. ಮೊದಲ ಹಂತ ೨೦೧೦ರಲ್ಲಿ ಬಳಕೆಗೆ ತೆರೆಯಿತು. ೨೦೧೬ಕ್ಕೆ ಮುಗಿಯಬೇಕಿದ್ದ ನಗರದ ಗಡುವನ್ನು ೨೦೩೦ಕ್ಕೆ ಮುಂದೂಡಲಾಯಿತು. ಹಳೆಯ ಬೀದಿಯ ಅಗಲವನ್ನು ಯೋಜನಾ ನಿಯಮವಾಗಿಯೇ ಮರಳಿ ಒಪ್ಪಿದ್ದು ಇದರ ಸಾಧನೆ. ನೆರೆಹೊರೆಯ ಸಮುದಾಯ ಇಲ್ಲಿ ನಗರಕ್ಕೆ ಮೊದಲು ಇರಲಿಲ್ಲ. ನಗರವಾದ ಮೇಲೆ ಅದು ರೂಪುಗೊಳ್ಳಬೇಕಾಯಿತು.

ಇವೆರಡಕ್ಕೂ ಭಿನ್ನವಾದದ್ದು ಅಲ್ಜೀರಿಯಾದ ಬೆನಿ ಇಜ್ಗೆನ್ ಬಳಿಯ ತಫಿಲೆಲ್ತ್. ೧೯೮೨ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮ್ಜಾಬ್ ಕಣಿವೆಯ ಕೋಟೆಯೂರುಗಳು ಕಿಕ್ಕಿರಿದಾಗ, ಸ್ಥಳೀಯ ಅಮಿದುಲ್ ಪ್ರತಿಷ್ಠಾನ ೧೯೯೦ರ ದಶಕದ ಕೊನೆಯಲ್ಲಿ ಹೊಸ ಊರಿನ ನಿರ್ಮಾಣಕ್ಕೆ ಕೈಹಾಕಿತು. ಖರ್ಜೂರದ ತೋಟಕ್ಕೆ ಕೈಯಿಕ್ಕದೆ ಬಂಜರು ಕಲ್ಲುದಿಬ್ಬವನ್ನು ಆರಿಸಿಕೊಳ್ಳಲಾಯಿತು. ಸ್ಥಳದ ಕಲ್ಲು, ಸುಣ್ಣ, ಜಿಪ್ಸಮ್ ಬಳಸಿ ಸುಮಾರು ೮೭೦ ಮನೆಗಳು ನಿರ್ಮಾಣವಾದವು. ಸರ್ಕಾರದ ವಸತಿ ನೆರವು, ಮನೆಯವರ ಕಂತು, ಪ್ರತಿಷ್ಠಾನದ ಮೇಲ್ವಿಚಾರಣೆ ಮತ್ತು ಊರಿನವರು ಪರಸ್ಪರ ಕೈಜೋಡಿಸುವ 'ತೂಯಿಜಾ' ಎಂಬ ಮುಯ್ಯಾಳಿನ ಪದ್ಧತಿ ಇದಕ್ಕೆ ಬೆನ್ನೆಲುಬಾದವು. ಬೀದಿಗಳು ಕಿರಿದಾಗಿಯೇ ಉಳಿದರೂ ವಾಹನಕ್ಕೆ ಅವಕಾಶವಾಯಿತು. ಮನೆಯೊಳಗೆ ಬೆಳಕು, ಸ್ನಾನಗೃಹ, ಅಡುಗೆಮನೆಗಳು ಇಂದಿನ ಅಗತ್ಯಕ್ಕೆ ಹಿಗ್ಗಿದವು. ೨೦೧೬ರಲ್ಲಿ ಮರ್ರಕೇಶಿನಲ್ಲಿ ನಡೆದ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಈ ಊರು ಸುಸ್ಥಿರ ನಗರ ಪ್ರಶಸ್ತಿಗೆ ಪಾತ್ರವಾಯಿತು.

ಉಪಸಂಹಾರ

ಹವಾಮಾನ, ನಿಯಮ, ಕಸುಬು ಎಂಬ ಮೂರು ನೆಲೆಗಳಿಂದ ಅಳೆದಾಗ ಈ ಪ್ರಯೋಗಗಳ ಅಂತರ ಸ್ಪಷ್ಟವಾಗುತ್ತದೆ. ಹೊಸ ಗುರ್ನಾದಲ್ಲಿ ಹವಾಮಾನದ ಅರಿವೂ ಕಸುಬೂ ಇದ್ದವು; ನಿವಾಸಿಗಳ ಒಪ್ಪಿಗೆ ಇರಲಿಲ್ಲ. ಹಲಾವಾ ಮನೆಯಲ್ಲಿ ಕಸುಬು ಉತ್ಕೃಷ್ಟವಾಗಿದ್ದರೂ ಅದು ಒಂಟಿ ಮನೆಯಾಗಿ ಉಳಿಯಿತು. ಮಸ್ದಾರಿನಲ್ಲಿ ನಿಯಮವೂ ಹವಾಮಾನದ ಲೆಕ್ಕಾಚಾರವೂ ಕೂಡಿದವು. ಸ್ಥಳೀಯ ಗಾರೆಯವನ ಜಾಗವನ್ನು ಕಾರ್ಖಾನೆ ತುಂಬಿತು. ತಫಿಲೆಲ್ತ್‌ನಲ್ಲಿ ಮಾತ್ರ ಮೂರೂ ಒಂದೆಡೆ ಸೇರಿದವು. ಅದಕ್ಕೆ ಅಳಿಯದೆ ಉಳಿದಿದ್ದ ಸಮುದಾಯ ಸಂಸ್ಥೆಯೇ ಆಧಾರವಾಯಿತು.

ಹಾಗೆಂದು ಹಳೆಯ ವಸ್ತುಗಳನ್ನೇ ಅನುಕರಿಸಬೇಕೆಂಬ ತೀರ್ಮಾನಕ್ಕೆ ಬರಲಾಗದು. ಮೇಲ್ಮಣ್ಣು ದುರ್ಲಭವಾದ ನೈಲ್ ಬಯಲಿನಲ್ಲಿ ಹಸಿ ಇಟ್ಟಿಗೆಯನ್ನು ಒತ್ತಾಯಿಸುವುದು ಸುಸ್ಥಿರವೆನಿಸದು. ಕಾಡು ಕರಗಿದ ಕಾಲದಲ್ಲಿ ಸಾಗುವಾನಿಯ ರೋಷನ್‌ಗಳನ್ನು ಎಲ್ಲ ಮನೆಗಳಿಗೂ ಬಯಸುವುದು ಸಲ್ಲದು. ಪಡೆಯಬೇಕಾದದ್ದು ಕಾರ್ಯತತ್ತ್ವವನ್ನು: ಬಿಸಿಲಿಗೆ ಒಡ್ಡುವ ಮೈಯನ್ನು ಕುಗ್ಗಿಸುವುದು, ರಾತ್ರಿಯ ತಂಪನ್ನು ಹಗಲಿಗೆ ಕಾಯ್ದಿಡುವುದು, ಗಾಳಿಗೆ ಬರುವ ಮತ್ತು ಹೋಗುವ ದಾರಿಗಳೆರಡನ್ನೂ ಕಲ್ಪಿಸುವುದು, ಗೌಪ್ಯವನ್ನು ಕೆಡಿಸದೆ ಕಿಟಕಿಯನ್ನು ತೆರೆದಿಡುವುದು. ಇವುಗಳನ್ನು ಅಸಾಧ್ಯಗೊಳಿಸುವ ತೆರವಿನ ನಿಯಮಗಳನ್ನು ತಿದ್ದದೆ, ಕಾಂಕ್ರೀಟು ಮನೆಯ ಮುಖಕ್ಕೆ ಜಾಲಂಧ್ರವನ್ನು ಅಂಟಿಸುವುದರಿಂದ ತಂಪು ಬರುವುದಿಲ್ಲ. ಪರಂಪರೆಯ ಪುನರುಜ್ಜೀವನದ ಕೆಲಸ ವಾಸ್ತುಶಿಲ್ಪಿಯ ನಕ್ಷೆಯಷ್ಟೇ ಪುರಸಭೆಯ ನಿಯಮಾವಳಿಯಲ್ಲೂ ಗಾರೆಯವನ ತರಬೇತಿಯಲ್ಲೂ ನಡೆಯಬೇಕಾಗಿದೆ ಎಂಬುದನ್ನು ಅರಬ್ ದೇಶಗಳ ಈ ಅನುಭವ ಸ್ಪಷ್ಟಪಡಿಸುತ್ತದೆ.